ಕುಬರ್ನೆಟಿಸ್ ಕ್ಲಸ್ಟರ್ ಅಪ್‌ಗ್ರೇಡ್: 1.31ರಿಂದ 1.34ಕ್ಕೆ, ಹಳೆ ಹೊಸ ವರ್ಷನ್‌ಗಳು ಹೊಂದಿಕೊಂಡು ಹೋಗುವಂತೆ

ಒಂದೇ ಯಂತ್ರದಲ್ಲಿರುವ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡುವುದು ಸುಲಭ. ನಿಲ್ಲಿಸಿ, ಹೊಸದು ಹಾಕಿ, ಮತ್ತೆ ಶುರು ಮಾಡಿದರೆ ಮುಗಿಯಿತು. ಕ್ಲಸ್ಟರ್, ಅಂದರೆ ಅಪ್ಲಿಕೇಶನ್‌ಗಳನ್ನು ಓಡಿಸಲು ಕುಬರ್ನೆಟಿಸ್ ಎಂಬ ಸಾಫ್ಟ್‌ವೇರ್ ಒಟ್ಟಿಗೆ ನಡೆಸುವ ಯಂತ್ರಗಳ ಗುಂಪು, ಹಾಗಲ್ಲ. ಒಂಬತ್ತು ಯಂತ್ರಗಳಿದ್ದರೆ ಒಂಬತ್ತನ್ನೂ ಒಂದೇ ಕ್ಷಣದಲ್ಲಿ ಬದಲಾಯಿಸಲು ಆಗುವುದಿಲ್ಲ. ಕೆಲವು ಗಂಟೆ, ಕೆಲವೊಮ್ಮೆ ಕೆಲವು ವಾರ, ಹಳೆ ವರ್ಷನ್ ಮತ್ತು ಹೊಸ ವರ್ಷನ್ ಒಂದೇ ಸೂರಿನಡಿ ಬಾಳಬೇಕು.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚಿನ ಮಾಡು ಸರಿಮಾಡುವುದನ್ನು ನೋಡಿದ್ದೀರಾ? ಮನೆಯವರು ಒಳಗೇ ಇರುತ್ತಾರೆ. ಮೇಲೆ ಸಾಲು ಸಾಲಾಗಿ ಹೆಂಚು ಬದಲಾಗುತ್ತದೆ. ಹೊಸ ಹೆಂಚು ಪಕ್ಕದ ಹಳೆ ಹೆಂಚಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಸೋರುವುದು ಅಲ್ಲೇ. ಕ್ಲಸ್ಟರ್ ಅಪ್‌ಗ್ರೇಡ್‌ನಲ್ಲೂ ನಾನು ಜಾಸ್ತಿ ಗಮನ ಕೊಡುವುದು ಈ ಸಂದಿಗೇ. ಹೊಸ ವರ್ಷನ್ ಹೇಗಿದೆ ಅನ್ನುವುದನ್ನು ಎಲ್ಲರೂ ಓದುತ್ತಾರೆ. ನಡುವಿನ ಹೊತ್ತಿನಲ್ಲಿ ಯಾವುದು ಯಾವುದರ ಜೊತೆ ಮಾತಾಡುತ್ತಿರುತ್ತದೆ ಅನ್ನುವುದನ್ನು ಯೋಚಿಸುವವರು ಕಡಿಮೆ.

ಉದಾಹರಣೆಗೆ ಒಂದು ಕ್ಲಸ್ಟರ್ ಇಟ್ಟುಕೊಳ್ಳೋಣ. ನೋಡ್ ಅಂದರೆ ಒಂದು ಯಂತ್ರ. ಕ್ಲಸ್ಟರ್ ಅನ್ನು ನಿಯಂತ್ರಿಸುವ ಮೂರು ಕಂಟ್ರೋಲ್ ಪ್ಲೇನ್ ನೋಡ್, ಅಪ್ಲಿಕೇಶನ್‌ಗಳು ಓಡುವ ಆರು ವರ್ಕರ್ ನೋಡ್. ಎಲ್ಲದರಲ್ಲೂ ಉಬುಂಟು, ಮತ್ತು ಅಪ್ಲಿಕೇಶನ್‌ನ ಪೊಟ್ಟಣಗಳಾದ ಕಂಟೈನರ್‌ಗಳನ್ನು ಓಡಿಸುವ ಕಂಟೈನರ್‌ಡಿ. ಕ್ಲಸ್ಟರ್‌ನ ದತ್ತಾಂಶ ಇಡುವ ಎಟ್‌ಸಿಡಿ ಕಂಟ್ರೋಲ್ ಪ್ಲೇನ್ ನೋಡ್‌ಗಳಲ್ಲೇ ಇದೆ. ಕಟ್ಟಿದ್ದು ಕ್ಯೂಬ್‌ಅಡ್ಮಿನ್ ಎಂಬ ಉಪಕರಣದಿಂದ. ಈಗ ಓಡುತ್ತಿರುವುದು 1.31, ಹೋಗಬೇಕಾದ್ದು 1.34ಕ್ಕೆ.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು ಅನ್ನುವುದು ನಿಮಗೆ ಗೊತ್ತೇ ಇದೆ.

ಮೊದಲು ನಿಯಮ ಬಾಯಿಪಾಠವಾಗಲಿ

ಕುಬರ್ನೆಟಿಸ್ ವರ್ಷನ್‌ನಲ್ಲಿ ಮೂರು ಅಂಕಿಗಳಿರುತ್ತವೆ. 1.31.4 ಅಂದರೆ 1 ಮೇಜರ್, 31 ಮೈನರ್, 4 ಪ್ಯಾಚ್. ಪ್ಯಾಚ್ ಬದಲಾವಣೆಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಹೊಂದಾಣಿಕೆಯ ಪ್ರಶ್ನೆ ಬರುವುದು ಮೈನರ್ ಅಂಕಿ ಬದಲಾದಾಗ. ವರ್ಷಕ್ಕೆ ಮೂರು ಮೈನರ್ ವರ್ಷನ್ ಬರುತ್ತವೆ. ಪ್ರತಿಯೊಂದಕ್ಕೂ ಸುಮಾರು 14 ತಿಂಗಳು ಮಾತ್ರ ಬೆಂಬಲ. ಅಂದರೆ ವರ್ಷಕ್ಕೊಮ್ಮೆಯಾದರೂ ಈ ಕೆಲಸ ಮಾಡಲೇಬೇಕು.

ಎಲ್ಲ ನಿಯಮಗಳೂ ಎಪಿಐ ಸರ್ವರ್ ಸುತ್ತ ಇವೆ. ಕ್ಲಸ್ಟರ್‌ನ ಉಳಿದ ಭಾಗಗಳು ಮಾತಾಡುವುದು ಅದರ ಜೊತೆಗೇ. ಅದೇ ಮನೆಯ ಯಜಮಾನ. ಬೇರೆ ಯಾವ ಭಾಗವೂ ಅದಕ್ಕಿಂತ ಹೊಸದಾಗಿರಬಾರದು. ನಾವು ಕಮಾಂಡ್ ಕೊಡಲು ಬಳಸುವ ಕ್ಯೂಬ್‌ಸಿಟಿಎಲ್‌ಗೆ ಮಾತ್ರ ವಿನಾಯಿತಿ. ಅದು ಒಂದು ಮೈನರ್ ಹಿಂದೆಯೂ ಇರಬಹುದು, ಒಂದು ಮೈನರ್ ಮುಂದೆಯೂ ಇರಬಹುದು.

ಒಂದಕ್ಕಿಂತ ಹೆಚ್ಚು ಎಪಿಐ ಸರ್ವರ್ ಇದ್ದರೆ ಅವುಗಳ ನಡುವೆ ಒಂದೇ ಒಂದು ಮೈನರ್ ಅಂತರ ಇರಬಹುದು. ಕ್ಲಸ್ಟರ್ ಬೇಕಾದ ಸ್ಥಿತಿಯಲ್ಲಿ ಇರುವಂತೆ ನೋಡಿಕೊಳ್ಳುವ ಕಂಟ್ರೋಲರ್ ಮ್ಯಾನೇಜರ್, ಮತ್ತು ಯಾವ ಕೆಲಸ ಯಾವ ನೋಡ್‌ಗೆ ಎಂದು ತೀರ್ಮಾನಿಸುವ ಶೆಡ್ಯೂಲರ್ ಒಂದು ಮೈನರ್ ಹಿಂದೆ ಇರಬಹುದು. ಪ್ರತಿ ನೋಡ್‌ನಲ್ಲೂ ಪಾಡ್‌ಗಳನ್ನು (ಒಟ್ಟಿಗೆ ಓಡುವ ಕಂಟೈನರ್‌ಗಳ ಗುಂಪು) ನೋಡಿಕೊಳ್ಳುವ ಕ್ಯೂಬ್ಲೆಟ್, ಮತ್ತು ಸೇವೆಗಳಿಗೆ ಬರುವ ಕರೆಗಳನ್ನು ಪಾಡ್‌ಗಳಿಗೆ ತಲುಪಿಸುವ ಕ್ಯೂಬ್ ಪ್ರಾಕ್ಸಿಗೆ ಜಾಸ್ತಿ ಸಲಿಗೆ ಇದೆ. ಅವು ಮೂರು ಮೈನರ್‌ವರೆಗೆ ಹಿಂದೆ ಇರಬಹುದು. ಮುಂಚೆ ಇದು ಎರಡೇ ಇತ್ತು, 1.28ರಲ್ಲಿ ಮೂರಕ್ಕೆ ಏರಿಸಿದರು. ವರ್ಷಕ್ಕೆ ಮೂರು ವರ್ಷನ್ ಬರುತ್ತವೆ, ಹಾಗಾಗಿ ವರ್ಕರ್ ನೋಡ್‌ಗಳನ್ನು ವರ್ಷಕ್ಕೊಮ್ಮೆ ಮುಟ್ಟಿದರೆ ಸಾಕು ಅನ್ನುವುದು ಅದರ ಹಿಂದಿನ ಲೆಕ್ಕ.

ಕ್ಯೂಬ್‌ಅಡ್ಮಿನ್ ಅಪ್‌ಗ್ರೇಡ್ ಒಂದು ಸಲಕ್ಕೆ ಒಂದೇ ಮೈನರ್ ಮೆಟ್ಟಿಲು ಹತ್ತುತ್ತದೆ. 1.31ರಿಂದ ನೇರ 1.34ಕ್ಕೆ ಹಾರಲು ಅದು ಬಿಡುವುದಿಲ್ಲ. 1.32, ಆಮೇಲೆ 1.33, ಆಮೇಲೆ 1.34.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ನಮ್ಮ ಯೋಜನೆ ತಾನಾಗಿಯೇ ರೂಪ ಪಡೆಯುತ್ತದೆ. ಕಂಟ್ರೋಲ್ ಪ್ಲೇನ್ ಮೂರು ಮೆಟ್ಟಿಲು ಹತ್ತಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಆದರೆ ವರ್ಕರ್ ನೋಡ್‌ಗಳ ಕ್ಯೂಬ್ಲೆಟ್ ಅಲ್ಲಿಯವರೆಗೆ 1.31ರಲ್ಲೇ ಇರಬಹುದು. ಎಪಿಐ ಸರ್ವರ್‌ಗಳೆಲ್ಲ 1.34 ಆದ ಮೇಲೆ ಕ್ಯೂಬ್ಲೆಟ್ ಒಂದೇ ಸಲ 1.31ರಿಂದ 1.34ಕ್ಕೆ ಬರಬಹುದು. ಆರು ನೋಡ್‌ಗಳನ್ನು ಮೂರು ಸಲ ಖಾಲಿ ಮಾಡುವ (ಅವುಗಳ ಮೇಲಿನ ಪಾಡ್‌ಗಳನ್ನು ಬೇರೆ ನೋಡ್‌ಗಳಿಗೆ ಕಳಿಸುವ) ಬದಲು ಒಂದು ಸಲ ಖಾಲಿ ಮಾಡಿದರೆ ಸಾಕು. ಅಪ್ಲಿಕೇಶನ್ ತಂಡದವರಿಗೆ ಮೂರು ಸಲ ತೊಂದರೆ ಕೊಡುವುದು ತಪ್ಪುತ್ತದೆ. ನನ್ನ ಪ್ರಕಾರ ಸಣ್ಣ ತಂಡಗಳಿಗೆ ಇದೇ ಸರಿಯಾದ ದಾರಿ.

ಒಂದು ಎಚ್ಚರಿಕೆ ಮಾತ್ರ ಬೇಕು. ಕೊನೆಯ ಹಂತದಲ್ಲಿ ನೀವು ಅಂತರದ ಅಂಚಿನಲ್ಲಿ ನಿಂತಿರುತ್ತೀರಿ. ವರ್ಕರ್‌ಗಳು 1.31ರಲ್ಲಿ ಇರುವವರೆಗೆ ಯಾರೂ 1.35ರ ಕಡೆ ಕೈ ಹಾಕಬಾರದು.

ಹೋಗಿಬಿಡುವ ಎಪಿಐಗಳನ್ನು ಹುಡುಕಿ

ಇದು ಅತಿ ಹೆಚ್ಚು ಸಮಯ ತಿನ್ನುವ ಹಂತ. ತಿನ್ನಲೂ ಬೇಕು. ಅಪ್‌ಗ್ರೇಡ್ ದಿನದ ಅನಾಹುತಗಳು ಹೆಚ್ಚಿನ ಪಾಲು ಇಲ್ಲೇ ಹುಟ್ಟುತ್ತವೆ.

ಎಪಿಐ ಅಂದರೆ ಕ್ಲಸ್ಟರ್‌ಗೆ ಬೇಕಾದ್ದನ್ನು ಕೇಳುವ ಗೊತ್ತುಪಡಿಸಿದ ರೂಪ. ಕುಬರ್ನೆಟಿಸ್ ಹಳೆ ಎಪಿಐ ವರ್ಷನ್‌ಗಳನ್ನು ಮೊದಲು ಹಳತಾಯಿತು ಎಂದು ಸಾರುತ್ತದೆ. ಕೆಲವು ಬಿಡುಗಡೆಗಳ ನಂತರ ತೆಗೆದುಹಾಕುತ್ತದೆ. 2021ರ 1.22ರಲ್ಲಿ, ಹೊರಗಿನ ಕರೆಗಳನ್ನು ಒಳಗಿನ ಸೇವೆಗಳಿಗೆ ತರುವ ಇನ್‌ಗ್ರೆಸ್‌ನ ಬೀಟಾ ಎಪಿಐ ಹೋಯಿತು. 2022ರ 1.25ರಲ್ಲಿ ಪಾಡ್ ಸೆಕ್ಯುರಿಟಿ ಪಾಲಿಸಿ ಪೂರ್ತಿ ಹೋಯಿತು, ಗೊತ್ತಾದ ವೇಳೆಗೆ ಕೆಲಸ ಓಡಿಸುವ ಕ್ರಾನ್‌ಜಾಬ್‌ನ ಬೀಟಾ ಎಪಿಐ ಕೂಡ ಹೋಯಿತು. ನಮ್ಮ ದಾರಿಯಲ್ಲಿ, 1.32ರಲ್ಲಿ, ಎಪಿಐ ಸರ್ವರ್‌ಗೆ ಬರುವ ಕರೆಗಳ ದಟ್ಟಣೆ ನಿಯಂತ್ರಿಸುವ ಫ್ಲೋ ಕಂಟ್ರೋಲ್‌ನ ವಿ1ಬೀಟಾ3 ಇಲ್ಲವಾಗುತ್ತದೆ. ಅದರ ಬದಲಿಗೆ ವಿ1 ಬಳಸಬೇಕು. ಆ ವಿ1 1.29ರಿಂದಲೇ ಇದೆ, ಹಾಗಾಗಿ ಈಗಿನ 1.31ರಲ್ಲೇ ಬದಲಾಯಿಸಿ ಪರೀಕ್ಷೆ ಮಾಡಬಹುದು. ಎಲ್ಲ ಎಪಿಐ ಬದಲಾವಣೆಗೂ ಇದೇ ಸೂತ್ರ. ಹಳೆ ವರ್ಷನ್‌ನಲ್ಲೂ ಹೊಸ ವರ್ಷನ್‌ನಲ್ಲೂ ಕೆಲಸ ಮಾಡುವ ಎಪಿಐಗೆ ಮೊದಲೇ ಬಂದು ನಿಲ್ಲಿ. ಅಪ್‌ಗ್ರೇಡ್ ಆಮೇಲೆ.

ಯಾರು ಹಳೆ ಎಪಿಐ ಬಳಸುತ್ತಿದ್ದಾರೆ ಎಂದು ಕಂಡುಹಿಡಿಯುವುದು ಹೇಗೆ? ಇಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. «ಕ್ಯೂಬ್‌ಸಿಟಿಎಲ್ ಗೆಟ್» ಓಡಿಸಿ ನೋಡುತ್ತಾರೆ, ಎಲ್ಲ ಹೊಸ ವರ್ಷನ್‌ನಲ್ಲೇ ಕಾಣುತ್ತದೆ, ಸಮಾಧಾನವಾಗುತ್ತದೆ. ಆದರೆ ಎಪಿಐ ಸರ್ವರ್ ನೀವು ಕೇಳಿದ ವರ್ಷನ್‌ಗೆ ಪರಿವರ್ತಿಸಿ ಕೊಡುತ್ತದೆ. ಆ ವಸ್ತುವನ್ನು ಯಾರು ಯಾವ ವರ್ಷನ್‌ನಲ್ಲಿ ಬರೆದರು ಅನ್ನುವುದು ಅಲ್ಲಿ ಕಾಣುವುದಿಲ್ಲ.

ಸರಿಯಾಗಿ ತೋರಿಸುವುದು ಎಪಿಐ ಸರ್ವರ್‌ನ ಮೆಟ್ರಿಕ್, ಅಂದರೆ ಅದು ತಾನೇ ಇಡುವ ಲೆಕ್ಕ. «ಎಪಿಐಸರ್ವರ್ ರಿಕ್ವೆಸ್ಟೆಡ್ ಡೆಪ್ರಿಕೇಟೆಡ್ ಎಪಿಐಸ್» ಅದರ ಹೆಸರು, ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ. ಯಾವ ಹಳೆ ಎಪಿಐಗೆ ಕರೆ ಬಂದಿದೆ, ಅದು ಯಾವ ಬಿಡುಗಡೆಯಲ್ಲಿ ಹೋಗುತ್ತದೆ, ಎರಡೂ ಅಲ್ಲಿರುತ್ತವೆ. ಆದರೆ ಈ ಲೆಕ್ಕ ಆ ಪ್ರಕ್ರಿಯೆಯ ನೆನಪಿನಲ್ಲಿ ಮಾತ್ರ ಇರುತ್ತದೆ. ಎಪಿಐ ಸರ್ವರ್ ರೀಸ್ಟಾರ್ಟ್ ಆದರೆ ಅಳಿಸಿಹೋಗುತ್ತದೆ. ಮೂರು ಸರ್ವರ್ ಇದ್ದರೆ ಮೂರರ ಲೆಕ್ಕವೂ ಬೇರೆ ಬೇರೆ. ತಿಂಗಳಿಗೊಮ್ಮೆ ಓಡುವ ಒಂದು ಕೆಲಸ ಹಳೆ ಎಪಿಐ ಬಳಸುತ್ತಿದ್ದರೆ, ಅದು ಓಡುವವರೆಗೆ ಕಾಣುವುದಿಲ್ಲ. ಹಾಗಾಗಿ ಈ ಮೆಟ್ರಿಕ್ ಅನ್ನು ಪ್ರೊಮೀಥಿಯಸ್ ಎಂಬ ಮೆಟ್ರಿಕ್ ಸಂಗ್ರಹದಲ್ಲಿ ಶೇಖರಿಸಿ, ಕನಿಷ್ಠ ಒಂದು ತಿಂಗಳಿನದ್ದನ್ನು ನೋಡಿ. ಯಾರು ಕರೆಯುತ್ತಿದ್ದಾರೆ ಎಂದು ತಿಳಿಯಲು ಆಡಿಟ್ ಲಾಗ್ ಬೇಕು. ಹಳೆ ಎಪಿಐನ ಕರೆಗಳಿಗೆ ಅದರಲ್ಲಿ ಗುರುತು ಇರುತ್ತದೆ, ಕರೆದವರ ಹೆಸರೂ ಇರುತ್ತದೆ.

ಗಿಟ್‌ನಲ್ಲಿರುವ ಯಾಮಲ್ ಕಡತಗಳನ್ನು (ಕ್ಲಸ್ಟರ್‌ನಲ್ಲಿ ಏನು ಇರಬೇಕು ಎಂದು ಬರೆದ ಕಡತಗಳು) ಪ್ಲೂಟೊ ಅಥವಾ ಕ್ಯೂಬ್ ನೋ ಟ್ರಬಲ್ ಎಂಬ ಉಪಕರಣದಿಂದ ಸೋಸಿ. ಅಪ್ಲಿಕೇಶನ್‌ಗಳನ್ನು ಚಾರ್ಟ್ ಎಂಬ ಕಟ್ಟುಗಳಾಗಿ ಹಾಕುವ ಹೆಲ್ಮ್ ಬಳಸುವವರು ಇನ್ನೊಂದು ಕಡೆ ನೋಡಬೇಕು. ಹಿಂದಿನ ಬಿಡುಗಡೆಯ ಯಾಮಲ್ ಅನ್ನು ಹೆಲ್ಮ್ ಕ್ಲಸ್ಟರ್ ಒಳಗೆ ಸೀಕ್ರೆಟ್ ಆಗಿ ಇಟ್ಟುಕೊಂಡಿರುತ್ತದೆ. ನೀವು ಚಾರ್ಟ್ ಸರಿಮಾಡಿದ್ದರೂ ಆ ಹಳೆ ಪ್ರತಿಯಲ್ಲಿ ತೆಗೆದುಹಾಕಿದ ಎಪಿಐ ಇದ್ದರೆ ಮುಂದಿನ «ಹೆಲ್ಮ್ ಅಪ್‌ಗ್ರೇಡ್» ಸೋಲುತ್ತದೆ. ಅದಕ್ಕೆ ಸರಿಮಾಡಿದ ಚಾರ್ಟ್‌ಗಳನ್ನು ಕ್ಲಸ್ಟರ್ ಅಪ್‌ಗ್ರೇಡ್‌ಗೆ ಮುಂಚೆಯೇ ಒಮ್ಮೆ ಡಿಪ್ಲಾಯ್ ಮಾಡಿ. ಮರೆತುಹೋಗಿದ್ದರೆ ಮ್ಯಾಪ್‌ಕ್ಯೂಬ್‌ಎಪಿಐಸ್ ಎಂಬ ಹೆಲ್ಮ್ ಪ್ಲಗಿನ್ ಆ ಪ್ರತಿಯನ್ನು ತಿದ್ದಿಕೊಡುತ್ತದೆ.

ಎಪಿಐ ಪಟ್ಟಿಯಲ್ಲಿ ಕಾಣದ ಬದಲಾವಣೆಗಳು

2023ರ ಮಾರ್ಚ್ 14ರಂದು ರೆಡ್ಡಿಟ್ 314 ನಿಮಿಷ ಬಿದ್ದುಹೋಗಿತ್ತು. ಏನಾಯಿತು ಅನ್ನುವುದನ್ನು ಅವರ ಎಂಜಿನಿಯರ್‌ಗಳೇ ಆಮೇಲೆ ವಿವರವಾಗಿ ಬರೆದು ಪ್ರಕಟಿಸಿದರು. ಒಂದು ಕ್ಲಸ್ಟರ್ ಅನ್ನು 1.23ರಿಂದ 1.24ಕ್ಕೆ ತರುತ್ತಿದ್ದರು. ಕಂಟ್ರೋಲ್ ಪ್ಲೇನ್ ನೋಡ್‌ಗಳ ಮೇಲೆ ಹಿಂದಿನಿಂದ «ಮಾಸ್ಟರ್» ಎಂಬ ಲೇಬಲ್ ಇರುತ್ತಿತ್ತು. 1.20ರಲ್ಲಿ ಅದರ ಜೊತೆ «ಕಂಟ್ರೋಲ್ ಪ್ಲೇನ್» ಲೇಬಲ್ ಬಂತು. 1.24ರಲ್ಲಿ ಹಳೆಯದು ಹೋಯಿತು. ಅವರ ನೆಟ್‌ವರ್ಕ್ ಪ್ಲಗಿನ್ ಕ್ಯಾಲಿಕೊ. ಉಳಿದ ನೋಡ್‌ಗಳಿಗೆ ನೆಟ್‌ವರ್ಕ್ ದಾರಿ ತಿಳಿಸುವ ರೂಟ್ ರಿಫ್ಲೆಕ್ಟರ್‌ಗಳು ಯಾವ ನೋಡ್‌ಗಳು ಎಂದು ಹೇಳುವ ಸೆಟ್ಟಿಂಗ್ ಆ ಹಳೆ ಲೇಬಲ್ ಅನ್ನು ನಂಬಿಕೊಂಡಿತ್ತು. ಲೇಬಲ್ ಹೋದ ಕೂಡಲೇ ಕ್ಲಸ್ಟರ್‌ನ ನೆಟ್‌ವರ್ಕ್ ಕುಸಿಯಿತು.

ಹಿಂದಕ್ಕೆ ಹೋಗಲು ದಾರಿ ಇರಲಿಲ್ಲ. ಕುಬರ್ನೆಟಿಸ್‌ನಲ್ಲಿ ಕಂಟ್ರೋಲ್ ಪ್ಲೇನ್ ಅನ್ನು ಹಿಂದಿನ ಮೈನರ್‌ಗೆ ಇಳಿಸುವ ಅಧಿಕೃತ ವಿಧಾನ ಇರಲಿಲ್ಲ. ಬ್ಯಾಕಪ್‌ನಿಂದಲೇ ಎಬ್ಬಿಸಬೇಕಾಯಿತು. ಬ್ಯಾಕಪ್ ವಿಧಾನದ ಬರಹ ಡಾಕರ್ ಕಾಲದ್ದು, ಕ್ಲಸ್ಟರ್ ಅಷ್ಟರಲ್ಲಿ ಕಂಟೈನರ್ ಓಡಿಸಲು ಡಾಕರ್ ಬಿಟ್ಟು ಕ್ರಿಯೋಗೆ ಬದಲಾಗಿತ್ತು. ಬರೆದ ಕಮಾಂಡ್‌ಗಳನ್ನು ಆ ಒತ್ತಡದಲ್ಲೇ ಹೊಸದಕ್ಕೆ ಹೊಂದಿಸಿಕೊಳ್ಳಬೇಕಾಯಿತು.

ನಾನು ಈ ಘಟನೆಯನ್ನು ಇಷ್ಟು ಉದ್ದ ಹೇಳಲು ಕಾರಣವಿದೆ. ಒಂದು ಲೇಬಲ್ ಯಾವ ಎಪಿಐ ಪಟ್ಟಿಯಲ್ಲೂ ಸಿಗುವುದಿಲ್ಲ. ಪ್ಲೂಟೊ ಅದನ್ನು ಹಿಡಿಯುವುದಿಲ್ಲ. ಮೆಟ್ರಿಕ್ ಕೂಡ ಹಿಡಿಯುವುದಿಲ್ಲ. ಬಿಡುಗಡೆ ಟಿಪ್ಪಣಿಯಲ್ಲಿ «ಅಪ್‌ಗ್ರೇಡ್‌ಗೆ ಮುಂಚೆ ಓದಲೇಬೇಕಾದ್ದು» ಎಂಬ ಭಾಗ ಇರುತ್ತದೆ. ಮೂರು ಮೆಟ್ಟಿಲು ಹತ್ತುವವರು ಮೂರೂ ವರ್ಷನ್‌ಗಳ ಆ ಭಾಗವನ್ನು ಓದಬೇಕು. ಓದುವಾಗ ಅಲ್ಲಿ ಬರುವ ಪ್ರತಿ ಹೆಸರನ್ನೂ, ಅದು ಲೇಬಲ್ ಆಗಲಿ, ನೋಡ್‌ಗೆ ಪಾಡ್‌ಗಳು ಬರದಂತೆ ತಡೆಯುವ ಟೇಂಟ್ ಆಗಲಿ, ಪ್ರೋಗ್ರಾಂ ಶುರು ಮಾಡುವಾಗ ಕೊಡುವ ಫ್ಲ್ಯಾಗ್ ಆಗಲಿ, ನಿಮ್ಮ ಗಿಟ್‌ನಲ್ಲಿ ಹುಡುಕಿ. ಆಮೇಲೆ ಕ್ಲಸ್ಟರ್‌ನಲ್ಲೂ ಹುಡುಕಿ, ಏಕೆಂದರೆ ಯಾರೋ ಕೈಯಲ್ಲಿ ಹಾಕಿದ ಸೆಟ್ಟಿಂಗ್ ಗಿಟ್‌ನಲ್ಲಿ ಇರುವುದಿಲ್ಲ.

ಫ್ಲ್ಯಾಗ್‌ಗಳ ವಿಷಯದಲ್ಲಿ ಕ್ಯೂಬ್ಲೆಟ್ ಬಹಳ ಕಟ್ಟುನಿಟ್ಟು. ಗುರುತಿಲ್ಲದ ಫ್ಲ್ಯಾಗ್ ಕಂಡರೆ ಅದು ಏಳುವುದೇ ಇಲ್ಲ. 1.27ರಲ್ಲಿ «ಕಂಟೈನರ್ ರನ್‌ಟೈಮ್» ಎಂಬ ಫ್ಲ್ಯಾಗ್ ಹೋದಾಗ, ನೋಡ್‌ನ ಹಳೆ ಸೆಟ್ಟಿಂಗ್ ಕಡತದಲ್ಲಿ ಅದು ಉಳಿದುಕೊಂಡಿದ್ದ ಕಡೆ ಹೊಸ ಕ್ಯೂಬ್ಲೆಟ್ ಶುರುವಾಗಲಿಲ್ಲ. ಹಾಗಾಗಿ ಪ್ರತಿ ನೋಡ್‌ನ «ವಾರ್ ಲಿಬ್ ಕ್ಯೂಬ್ಲೆಟ್» ಫೋಲ್ಡರ್‌ನಲ್ಲಿರುವ ಕ್ಯೂಬ್‌ಅಡ್ಮಿನ್ ಫ್ಲ್ಯಾಗ್ಸ್ ಕಡತವನ್ನು ತೆರೆದು ನೋಡಿ. ಎರಡು ನಿಮಿಷದ ಕೆಲಸ.

ಇನ್ನು ಕ್ಲಸ್ಟರ್ ಮೇಲೆ ನೀವೇ ಹಾಕಿಕೊಂಡ ಭಾಗಗಳು. ನೆಟ್‌ವರ್ಕ್ ಪ್ಲಗಿನ್, ಸ್ಟೋರೇಜ್ ಡ್ರೈವರ್, ಇನ್‌ಗ್ರೆಸ್ ಕಂಟ್ರೋಲರ್, ಸರ್ಟ್ ಮ್ಯಾನೇಜರ್, ಪಾಲಿಸಿ ಪರಿಶೀಲಿಸುವ ವೆಬ್‌ಹುಕ್‌ಗಳು. ಪ್ರತಿಯೊಂದರ ಮಾಹಿತಿಯಲ್ಲೂ ಯಾವ ಕುಬರ್ನೆಟಿಸ್ ವರ್ಷನ್‌ಗಳಿಗೆ ಬೆಂಬಲ ಇದೆ ಎಂಬ ಪಟ್ಟಿ ಇರುತ್ತದೆ. ನಿಮಗೆ ಬೇಕಾದ್ದು 1.31ರಲ್ಲೂ ಓಡುವ, 1.34ರಲ್ಲೂ ಓಡುವ ಒಂದು ವರ್ಷನ್. ಸಿಕ್ಕರೆ ಅದನ್ನು ಈಗಲೇ ಹಾಕಿ. ಸಿಗದಿದ್ದರೆ ಯಾವ ಮೆಟ್ಟಿಲಿನಲ್ಲಿ ಅದನ್ನು ಬದಲಾಯಿಸಬೇಕು ಎಂದು ಯೋಜನೆಯಲ್ಲಿ ಬರೆದಿಡಿ.

ಬ್ಯಾಕಪ್, ಮತ್ತು ಅದನ್ನು ಎಬ್ಬಿಸುವ ಅಭ್ಯಾಸ

ಕ್ಲಸ್ಟರ್‌ನ ಎಲ್ಲ ನೆನಪೂ ಎಟ್‌ಸಿಡಿಯಲ್ಲಿದೆ. «ಎಟ್‌ಸಿಡಿಸಿಟಿಎಲ್ ಸ್ನ್ಯಾಪ್‌ಶಾಟ್ ಸೇವ್» ಓಡಿಸಿ ಒಂದು ಪ್ರತಿ ತೆಗೆದುಕೊಳ್ಳಿ. ಎಟ್‌ಸಿಡಿಯ ಸಿಎ, ಸರ್ಟಿಫಿಕೇಟ್ ಮತ್ತು ಕೀ ಮೂರನ್ನೂ ಕೊಡಬೇಕು. ಆಮೇಲೆ «ಎಟ್‌ಸಿಡಿಯುಟಿಎಲ್ ಸ್ನ್ಯಾಪ್‌ಶಾಟ್ ಸ್ಟೇಟಸ್» ಓಡಿಸಿ ಪ್ರತಿ ಸರಿಯಾಗಿದೆಯೇ ನೋಡಿ. ಕಡತವನ್ನು ಕ್ಲಸ್ಟರ್‌ನಿಂದ ಹೊರಗೆ ಸಾಗಿಸಿ. ಜೊತೆಗೆ ಮೂರೂ ಕಂಟ್ರೋಲ್ ಪ್ಲೇನ್ ನೋಡ್‌ಗಳ «ಇಟಿಸಿ ಕುಬರ್ನೆಟಿಸ್» ಫೋಲ್ಡರ್ ಪೂರ್ತಿ ತೆಗೆದಿಡಿ, ಸರ್ಟಿಫಿಕೇಟ್‌ಗಳು ಅಲ್ಲೇ ಇರುವುದು. ಕೀಗಳಿರುವುದರಿಂದ ಆ ಪ್ರತಿಯನ್ನು ಎಲ್ಲೆಂದರಲ್ಲಿ ಇಡಬೇಡಿ.

ಪ್ರತಿ ಮೆಟ್ಟಿಲಿಗೂ ಹೊಸ ಸ್ನ್ಯಾಪ್‌ಶಾಟ್ ಬೇಕು. 1.31ರಲ್ಲಿ ತೆಗೆದದ್ದನ್ನು ನಂಬಿ 1.33ರಿಂದ ಮುಂದೆ ಹೋಗಬೇಡಿ.

ಎಬ್ಬಿಸುವುದನ್ನು ಒಮ್ಮೆಯಾದರೂ ಮಾಡಿ ನೋಡಿ. ಮೂರು ಸಣ್ಣ ವರ್ಚುವಲ್ ಯಂತ್ರಗಳಲ್ಲಿ ಇದೇ ವರ್ಷನ್‌ನ ಕ್ಲಸ್ಟರ್ ಕಟ್ಟಿ, ಅದರದ್ದೇ ಸ್ನ್ಯಾಪ್‌ಶಾಟ್ ತೆಗೆದು, ಎಟ್‌ಸಿಡಿ ದತ್ತಾಂಶ ಅಳಿಸಿ, ಮತ್ತೆ ಎಬ್ಬಿಸಿ. ಎಬ್ಬಿಸುವಾಗ ಮೊದಲು ಎಲ್ಲ ಎಪಿಐ ಸರ್ವರ್ ನಿಲ್ಲಿಸಬೇಕು. ಮೂರೂ ಎಟ್‌ಸಿಡಿ ಸದಸ್ಯರನ್ನು ಒಂದೇ ಸ್ನ್ಯಾಪ್‌ಶಾಟ್‌ನಿಂದ ಹೊಸ ಫೋಲ್ಡರ್‌ಗೆ ಎಬ್ಬಿಸಬೇಕು. ಆಮೇಲೆ ಒಟ್ಟಿಗೆ ಶುರು ಮಾಡಬೇಕು. ಎಟ್‌ಸಿಡಿ 3.6ರಲ್ಲಿ ಎಬ್ಬಿಸುವ ಕೆಲಸ ಎಟ್‌ಸಿಡಿಸಿಟಿಎಲ್‌ನಲ್ಲಿ ಇಲ್ಲ, ಎಟ್‌ಸಿಡಿಯುಟಿಎಲ್‌ನಲ್ಲಿ ಮಾತ್ರ ಇದೆ. ಹಳೆ ಟಿಪ್ಪಣಿ ಇಟ್ಟುಕೊಂಡವರು ತಿದ್ದಿಕೊಳ್ಳಿ.

ಕಂಟ್ರೋಲ್ ಪ್ಲೇನ್: ಮೊದಲ ಮೆಟ್ಟಿಲು

ಈಗ ಕೈ ಹಾಕೋಣ. ಮೊದಲು 1.31ರ ಕೊನೆಯ ಪ್ಯಾಚ್‌ಗೆ ಬನ್ನಿ. ಆಮೇಲೆ 1.32.

ಮೊದಲ ಕಂಟ್ರೋಲ್ ಪ್ಲೇನ್ ನೋಡ್‌ಗೆ ಹೋಗಿ. ಪ್ಯಾಕೇಜ್ ರೆಪೊಸಿಟರಿಯ ವಿಳಾಸ ಬದಲಾಯಿಸಬೇಕು. ಪ್ರತಿ ಮೈನರ್‌ಗೂ ಬೇರೆ ರೆಪೊಸಿಟರಿ ಇರುವುದರಿಂದ ವಿಳಾಸದಲ್ಲಿರುವ 1.31 ಅನ್ನು 1.32 ಮಾಡಬೇಕು. ಇದು ಸ್ವಲ್ಪ ಕಿರಿಕಿರಿ ಅನ್ನಿಸಬಹುದು. ಆದರೆ ಇದೇ ನಿಮ್ಮನ್ನು ಕಾಯುತ್ತದೆ. ತಪ್ಪಿ ಎರಡು ಮೈನರ್ ಹಾರುವುದು ಇದರಿಂದ ತಪ್ಪುತ್ತದೆ.

ಕ್ಯೂಬ್‌ಅಡ್ಮಿನ್ ಪ್ಯಾಕೇಜ್‌ನ ತಡೆ (ತಾನಾಗಿ ಅಪ್‌ಗ್ರೇಡ್ ಆಗದಂತೆ ಹಾಕಿದ ಹೋಲ್ಡ್) ತೆಗೆದು, ಅದೊಂದನ್ನೇ 1.32ಕ್ಕೆ ತನ್ನಿ, ಮತ್ತೆ ತಡೆ ಹಾಕಿ. ಕ್ಯೂಬ್ಲೆಟ್ ಮುಟ್ಟಬೇಡಿ. ಸುಮ್ನೆ «ಆಪ್ಟ್ ಅಪ್‌ಗ್ರೇಡ್» ಕೊಟ್ಟರೆ, ತಡೆ ಹಾಕಿಲ್ಲದಿದ್ದರೆ, ಕ್ಯೂಬ್ಲೆಟ್ ಕೂಡ 1.32 ಆಗಿಬಿಡುತ್ತದೆ. ಎಪಿಐ ಸರ್ವರ್ ಇನ್ನೂ 1.31ರಲ್ಲಿರುತ್ತದೆ. ನಿಯಮ ಅಲ್ಲೇ ಮುರಿಯಿತು.

«ಕ್ಯೂಬ್‌ಅಡ್ಮಿನ್ ಅಪ್‌ಗ್ರೇಡ್ ಪ್ಲಾನ್» ಓಡಿಸಿ. ಇದು ಏನನ್ನೂ ಬದಲಾಯಿಸುವುದಿಲ್ಲ. ಈಗ ಏನಿದೆ, ಎಲ್ಲಿಗೆ ಹೋಗಬಹುದು ಎಂದು ಹೇಳುತ್ತದೆ. ಪ್ರತಿ ಸಾಲನ್ನೂ ಓದಿ. ಆಮೇಲೆ «ಕ್ಯೂಬ್‌ಅಡ್ಮಿನ್ ಅಪ್‌ಗ್ರೇಡ್ ಅಪ್ಲೈ» ಜೊತೆ ಪೂರ್ತಿ ವರ್ಷನ್ ಸಂಖ್ಯೆ ಕೊಡಿ. ಅದು ಹೊಸ ಇಮೇಜ್‌ಗಳನ್ನು ತರುತ್ತದೆ, ಎಟ್‌ಸಿಡಿ, ಎಪಿಐ ಸರ್ವರ್, ಕಂಟ್ರೋಲರ್ ಮ್ಯಾನೇಜರ್, ಶೆಡ್ಯೂಲರ್‌ಗಳನ್ನು ಹೇಗೆ ಓಡಿಸಬೇಕು ಎಂದು ಹೇಳುವ ಮ್ಯಾನಿಫೆಸ್ಟ್ ಕಡತಗಳನ್ನು ಬದಲಾಯಿಸುತ್ತದೆ. ಹಳೆ ಮ್ಯಾನಿಫೆಸ್ಟ್‌ಗಳ ಪ್ರತಿಯನ್ನು «ಇಟಿಸಿ ಕುಬರ್ನೆಟಿಸ್ ಟಿಎಂಪಿ» ಒಳಗೆ ಇಡುತ್ತದೆ. ಯಾವುದಾದರೂ ಭಾಗ ಏಳದಿದ್ದರೆ ಹಳೆಯದನ್ನು ತಾನೇ ವಾಪಸ್ ಹಾಕಲು ನೋಡುತ್ತದೆ. ನಡುವೆ ಕರೆಂಟ್ ಹೋಗಿಯೋ ಕನೆಕ್ಷನ್ ಕಡಿದೋ ನಿಂತರೆ ಗಾಬರಿ ಬೇಡ. ಅದೇ ಕಮಾಂಡ್ ಮತ್ತೆ ಓಡಿಸಬಹುದು.

ಇದರ ಜೊತೆಗೆ ಸರ್ಟಿಫಿಕೇಟ್‌ಗಳೂ ಹೊಸದಾಗುತ್ತವೆ. ಕ್ಯೂಬ್‌ಅಡ್ಮಿನ್ ಮಾಡುವ ಸರ್ಟಿಫಿಕೇಟ್‌ಗಳ ಆಯಸ್ಸು ಒಂದು ವರ್ಷ. ನಿಮ್ಮ ಲ್ಯಾಪ್‌ಟಾಪ್‌ಗೆ ನಕಲು ಮಾಡಿಕೊಂಡ ಹಳೆ ಅಡ್ಮಿನ್ ಕಡತ ಹೊಸದಾಗುವುದಿಲ್ಲ. ಮತ್ತೆ ನಕಲು ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದು ದಿನ ಕಾರಣ ತಿಳಿಯದೆ ಪ್ರವೇಶ ನಿಂತುಹೋಗುತ್ತದೆ.

ಉಳಿದ ಎರಡು ಕಂಟ್ರೋಲ್ ಪ್ಲೇನ್ ನೋಡ್‌ಗಳಲ್ಲೂ ರೆಪೊಸಿಟರಿ, ಕ್ಯೂಬ್‌ಅಡ್ಮಿನ್ ಬದಲಾಯಿಸಿ. ಅಲ್ಲಿ ಕೊಡಬೇಕಾದ್ದು «ಕ್ಯೂಬ್‌ಅಡ್ಮಿನ್ ಅಪ್‌ಗ್ರೇಡ್ ನೋಡ್». ಒಂದು ಮುಗಿದು, ಎಟ್‌ಸಿಡಿಯ ಮೂರೂ ಸದಸ್ಯರು ಆರೋಗ್ಯವಾಗಿದ್ದಾರೆ ಎಂದು ಕಂಡ ಮೇಲೆ ಇನ್ನೊಂದಕ್ಕೆ ಹೋಗಿ. ಮೂರು ಸದಸ್ಯರ ಎಟ್‌ಸಿಡಿ ಒಬ್ಬರ ಗೈರನ್ನು ತಡೆಯುತ್ತದೆ. ಇಬ್ಬರು ಹೋದರೆ ಬರೆಯುವುದು ನಿಲ್ಲುತ್ತದೆ.

ಹೆಸರಿನಿಂದ ವಿಳಾಸ ಹುಡುಕಿಕೊಡುವ ಕೋರ್‌ಡಿಎನ್‌ಎಸ್ ಮತ್ತು ಕ್ಯೂಬ್ ಪ್ರಾಕ್ಸಿ ಮೊದಲ ನೋಡ್ ಮುಗಿದಾಗ ಬದಲಾಗದಿದ್ದರೆ ಆಶ್ಚರ್ಯ ಪಡಬೇಡಿ. 1.28ರಿಂದ ಕ್ಯೂಬ್‌ಅಡ್ಮಿನ್ ಎಲ್ಲ ಕಂಟ್ರೋಲ್ ಪ್ಲೇನ್ ನೋಡ್‌ಗಳೂ ಮುಗಿಯುವವರೆಗೆ ಅವೆರಡನ್ನು ಕಾಯಿಸುತ್ತದೆ. ಕಾರಣ ಅದೇ. ಕ್ಯೂಬ್ ಪ್ರಾಕ್ಸಿ ಯಾವ ಎಪಿಐ ಸರ್ವರ್‌ಗಿಂತಲೂ ಹೊಸದಾಗಿರಬಾರದು.

ಕಂಟ್ರೋಲ್ ಪ್ಲೇನ್ ನೋಡ್‌ಗಳ ಕ್ಯೂಬ್ಲೆಟ್ ಯಾವಾಗ?

ಈ ಪ್ರಶ್ನೆಗೆ ಬೇರೆಯಾಗಿಯೇ ಉತ್ತರ ಹೇಳಬೇಕು, ಅನುಭವಸ್ಥರೂ ಇಲ್ಲಿ ಎಡವುತ್ತಾರೆ. ಮೊದಲ ನೋಡ್‌ನ ಎಪಿಐ ಸರ್ವರ್ 1.32 ಆಯಿತು. ಅದೇ ನೋಡ್‌ನ ಕ್ಯೂಬ್ಲೆಟ್ ಕೂಡ ಈಗಲೇ 1.32 ಮಾಡಬಹುದು ಅನ್ನಿಸುತ್ತದೆ, ಅಲ್ವಾ? ಆದರೆ ಆ ಕ್ಯೂಬ್ಲೆಟ್ ಪಕ್ಕದ ಎಪಿಐ ಸರ್ವರ್ ಜೊತೆಯೇ ಮಾತಾಡುತ್ತದೆ ಎಂದು ಯಾರು ಹೇಳಿದರು? ಸಾಮಾನ್ಯವಾಗಿ ಅದರ ಸೆಟ್ಟಿಂಗ್‌ನಲ್ಲಿರುವುದು, ಕರೆಗಳನ್ನು ಮೂರೂ ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ವಿಳಾಸ. ಅಲ್ಲಿಂದ ಕರೆ ಇನ್ನೂ 1.31ರಲ್ಲಿರುವ ಸರ್ವರ್‌ಗೂ ಹೋಗಬಹುದು. ಆಗ ಕ್ಯೂಬ್ಲೆಟ್ ಎಪಿಐ ಸರ್ವರ್‌ಗಿಂತ ಹೊಸದಾಯಿತು.

ಹಾಗಾಗಿ ಮೂರೂ ಎಪಿಐ ಸರ್ವರ್ 1.32 ಆದ ಮೇಲೆ ಮಾತ್ರ ಕ್ಯೂಬ್ಲೆಟ್ ಮುಟ್ಟಿ. ಕಂಟ್ರೋಲರ್ ಮ್ಯಾನೇಜರ್ ಮತ್ತು ಶೆಡ್ಯೂಲರ್‌ಗೆ ಈ ತೊಂದರೆ ಇಲ್ಲ, ಕ್ಯೂಬ್‌ಅಡ್ಮಿನ್ ಅವನ್ನು ಅದೇ ನೋಡ್‌ನ ಎಪಿಐ ಸರ್ವರ್‌ಗೆ ಜೋಡಿಸುತ್ತದೆ. ಕ್ಯೂಬ್ಲೆಟ್‌ಗೂ ಹೀಗೇ ಮಾಡುವ ಸೌಲಭ್ಯ 1.31ರಲ್ಲಿ ಆಲ್ಫಾ ಆಗಿ ಬಂತು, 1.33ರಲ್ಲಿ ಬೀಟಾ ಆಯಿತು. ಹಳೆ ಕ್ಲಸ್ಟರ್‌ಗಳಲ್ಲಿ ಕಡತ ತೆರೆದು ವಿಳಾಸ ನೋಡುವುದೇ ಒಳ್ಳೆಯದು.

ಕಂಟ್ರೋಲ್ ಪ್ಲೇನ್ ನೋಡ್‌ಗಳ ಮೇಲೆ ಅಪ್ಲಿಕೇಶನ್‌ಗಳು ಇರುವುದಿಲ್ಲ. ಹಾಗಾಗಿ ಇವುಗಳ ಕ್ಯೂಬ್ಲೆಟ್ ಅನ್ನು ಪ್ರತಿ ಮೆಟ್ಟಿಲಿನಲ್ಲೂ ಏರಿಸುವುದು ನನ್ನ ರೂಢಿ. ವಿಧಾನ ವರ್ಕರ್‌ಗಳದ್ದೇ, ಕೆಳಗೆ ಹೇಳುತ್ತೇನೆ.

ಈಗ ಒಂದು ದಿನ ಸುಮ್ಮನಿರಿ. ಕ್ಲಸ್ಟರ್ ಓಡಲಿ. ಆಮೇಲೆ 1.33ಕ್ಕೆ ಇದನ್ನೇ ಮತ್ತೆ ಮಾಡಿ. ಅಷ್ಟರೊಳಗೆ ಹೊಸ ವರ್ಕರ್ ನೋಡ್ ಸೇರಿಸಬೇಕಾಗಿ ಬಂದರೆ, ಸೇರಿಸುವ ಕ್ಯೂಬ್‌ಅಡ್ಮಿನ್ ಕಂಟ್ರೋಲ್ ಪ್ಲೇನ್‌ನ ಈಗಿನ ಮೈನರ್‌ದ್ದೇ ಆಗಿರಬೇಕು. ತಾನಾಗಿ ನೋಡ್ ಸೇರಿಸುವ ವ್ಯವಸ್ಥೆ ಇದ್ದವರು ಅದರ ಇಮೇಜ್ ಕೂಡ ನೋಡಿಕೊಳ್ಳಿ.

1.33ರಿಂದ 1.34: ಇಲ್ಲಿ ನಿಧಾನ

ಈ ಮೆಟ್ಟಿಲಿನಲ್ಲಿ ಕುಬರ್ನೆಟಿಸ್ ಜೊತೆ ಎಟ್‌ಸಿಡಿಯ ಮೈನರ್ ಕೂಡ ಬದಲಾಗುತ್ತದೆ. 1.34ರ ಕ್ಯೂಬ್‌ಅಡ್ಮಿನ್ ಎಟ್‌ಸಿಡಿ 3.6 ತರುತ್ತದೆ. ಅದಕ್ಕೆ ಮುಂಚೆ ಇದ್ದದ್ದು 3.5.

3.5ರಲ್ಲಿ ಸದಸ್ಯರ ಪಟ್ಟಿ ಎರಡು ಕಡೆ ಇರುತ್ತಿತ್ತು. ಹಳೆಯ ವಿ2 ಸಂಗ್ರಹವೇ ನಿಜವಾದ ಪಟ್ಟಿ ಎಂದು ಲೆಕ್ಕ. 3.6ರಲ್ಲಿ ವಿ3 ಸಂಗ್ರಹದ ಪಟ್ಟಿಯೇ ನಿಜ. ಕೆಲವು ಕ್ಲಸ್ಟರ್‌ಗಳಲ್ಲಿ ಎಂದೋ ತೆಗೆದುಹಾಕಿದ ಸದಸ್ಯರ ಹೆಸರು ವಿ3 ಕಡೆ ಉಳಿದುಕೊಂಡಿತ್ತು. 3.6ಕ್ಕೆ ಹೋದ ಕೂಡಲೇ ಆ ಸದಸ್ಯರು ಮತ್ತೆ ಪಟ್ಟಿಯಲ್ಲಿ ಎದ್ದು ಕೂತರು. ಇಲ್ಲದ ಯಂತ್ರಗಳು ಬಹುಮತದ ಲೆಕ್ಕಕ್ಕೆ ಸೇರಿದರೆ ಏನಾಗುತ್ತದೆ? ಬಹುಮತ ಸಿಗುವುದಿಲ್ಲ, ಕ್ಲಸ್ಟರ್ ನಿಲ್ಲುತ್ತದೆ. ಎಟ್‌ಸಿಡಿ ತಂಡ ಇದನ್ನು 3.5ರ ಮುಂದಿನ ಪ್ಯಾಚ್‌ಗಳಲ್ಲಿ ಸರಿಮಾಡಿತು. ಅಂದರೆ ಸರಿಯಾಗುವುದು 3.5ರಲ್ಲಿ ಇರುವಾಗಲೇ, 3.6ಕ್ಕೆ ಹೋದ ಮೇಲೆ ಅಲ್ಲ.

ಹಾಗಾಗಿ ಮೊದಲು 1.33ರ ಕೊನೆಯ ಪ್ಯಾಚ್‌ಗೆ ಬನ್ನಿ. ಎಟ್‌ಸಿಡಿ ಪಾಡ್‌ನ ಇಮೇಜ್ ನೋಡಿ. ಮೂರೂ ನೋಡ್‌ಗಳಲ್ಲಿ ಅದು 3.5ರ ಸಾಲಿನ ಕೊನೆಯ ಪ್ಯಾಚ್ ಆಗಿರಬೇಕು. ಇಲ್ಲದಿದ್ದರೆ ಕ್ಯೂಬ್‌ಅಡ್ಮಿನ್ ಸೆಟ್ಟಿಂಗ್‌ನಲ್ಲಿ ಎಟ್‌ಸಿಡಿಯ ಇಮೇಜ್ ಟ್ಯಾಗ್ ಕೊಟ್ಟು ಅಲ್ಲಿಗೆ ತನ್ನಿ, 1.34ಕ್ಕೆ ಹೊರಡುವ ಮುಂಚೆ ಆ ಟ್ಯಾಗ್ ತೆಗೆಯಿರಿ. «ಎಟ್‌ಸಿಡಿಸಿಟಿಎಲ್ ಮೆಂಬರ್ ಲಿಸ್ಟ್» ಓಡಿಸಿ, ಮೂರೇ ಹೆಸರು ಇವೆಯೇ ನೋಡಿ. ಆ ಸ್ಥಿತಿಯಲ್ಲಿ ಕೆಲವು ದಿನ ಓಡಲಿ. ಆಮೇಲೆ 1.34.

ಒಂದೊಂದೇ ಸದಸ್ಯ ಬದಲಾಗುವಾಗ 3.5 ಮತ್ತು 3.6 ಜೊತೆಯಲ್ಲೇ ಓಡುತ್ತವೆ. ಎಲ್ಲರಲ್ಲಿ ಹಳೆಯ ವರ್ಷನ್ ಯಾವುದೋ ಅದರ ಮಟ್ಟಕ್ಕೆ ಇಡೀ ಎಟ್‌ಸಿಡಿ ಕ್ಲಸ್ಟರ್ ತಗ್ಗಿ ನಡೆಯುತ್ತದೆ. ಮೂರನೆಯವರೂ 3.6 ಆದ ಮೇಲೆ ಮಾತ್ರ ಕ್ಲಸ್ಟರ್ ವರ್ಷನ್ 3.6 ಆಗುತ್ತದೆ. ಏನಾದರೂ ಸರಿ ಕಾಣದಿದ್ದರೆ ನಿಲ್ಲಬೇಕಾದ್ದು ಮೂರನೆಯ ನೋಡ್‌ಗೆ ಮುಂಚೆ. ಆ ಜಾಗವನ್ನು ಯೋಜನೆಯಲ್ಲಿ ಗುರುತು ಹಾಕಿಕೊಳ್ಳಿ. ನಾನು ಎರಡನೆಯ ನೋಡ್ ಆದ ಮೇಲೆ ಅರ್ಧ ಗಂಟೆ ಕಾಯುತ್ತೇನೆ, ಲಾಗ್ ಓದುತ್ತೇನೆ.

ವರ್ಕರ್ ನೋಡ್‌ಗಳು: ಒಂದೇ ಸಲ

ಕಂಟ್ರೋಲ್ ಪ್ಲೇನ್ ಪೂರ್ತಿ 1.34 ಆಯಿತು. ವರ್ಕರ್‌ಗಳು 1.31ರಲ್ಲಿವೆ. ಈಗ ಒಂದೊಂದಾಗಿ ತರಬೇಕು.

ಕ್ಯೂಬ್ಲೆಟ್‌ನ ಮೈನರ್ ಬದಲಾಯಿಸುವ ಮುಂಚೆ ನೋಡ್ ಖಾಲಿ ಮಾಡಲೇಬೇಕು. ಪಾಡ್‌ಗಳು ಓಡುತ್ತಿರುವಾಗಲೇ ಬದಲಾಯಿಸುವುದಕ್ಕೆ ಬೆಂಬಲ ಇಲ್ಲ. «ಕ್ಯೂಬ್‌ಸಿಟಿಎಲ್ ಡ್ರೇನ್» ಜೊತೆ, ಪ್ರತಿ ನೋಡ್‌ನಲ್ಲೂ ಒಂದೊಂದು ಪಾಡ್ ಇಡುವ ಡೀಮನ್‌ಸೆಟ್‌ಗಳನ್ನು ಬಿಟ್ಟುಬಿಡುವ ಆಯ್ಕೆ ಕೊಡಿ. ತಾತ್ಕಾಲಿಕ ಡಿಸ್ಕ್ ಬಳಸುವ ಪಾಡ್‌ಗಳಿದ್ದರೆ ಆ ದತ್ತಾಂಶ ಅಳಿಸಲು ಒಪ್ಪಿಗೆ ಕೇಳುತ್ತದೆ. ಕೊಡುವ ಮುಂಚೆ ಆ ಪಾಡ್‌ನವರನ್ನು ಒಂದು ಮಾತು ಕೇಳಿ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ರಾತ್ರಿ ಡ್ರೇನ್ ಮುಗಿಯಲೇ ಇಲ್ಲ. ಅದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ನೆಟ್‌ವರ್ಕ್ ನೋಡಿದೆವು, ನೋಡ್ ನೋಡಿದೆವು. ಕಾರಣ ತೀರಾ ಸಣ್ಣದು. ಒಂದು ಸೇವೆಗೆ ಒಂದೇ ಪಾಡ್ ಇತ್ತು. ಅದರ ಪಾಡ್ ಡಿಸ್ರಪ್ಷನ್ ಬಜೆಟ್ (ಪಿಡಿಬಿ) ಕನಿಷ್ಠ ಒಂದು ಪಾಡ್ ಇರಲೇಬೇಕು ಎಂದು ಹೇಳುತ್ತಿತ್ತು. ಇರುವ ಒಂದನ್ನು ತೆಗೆಯುವಂತಿಲ್ಲ, ಡ್ರೇನ್ ಎಂದೂ ಮುಗಿಯುವಂತಿಲ್ಲ. ಆ ಸೇವೆಯ ತಂಡದವರನ್ನು ನಿದ್ದೆಯಿಂದ ಎಬ್ಬಿಸಿ ಪಾಡ್ ಎರಡು ಮಾಡಿಸಿದೆವು. ಅವರಿಗೆ ಆ ತೊಂದರೆ ಕೊಟ್ಟದ್ದು ನನಗೆ ಇವತ್ತಿಗೂ ಬೇಸರ. ಹಗಲಲ್ಲೇ ಪಟ್ಟಿ ನೋಡಿದ್ದರೆ ಸಾಕಿತ್ತು. «ಕ್ಯೂಬ್‌ಸಿಟಿಎಲ್ ಗೆಟ್ ಪಿಡಿಬಿ» ಎಲ್ಲ ನೇಮ್‌ಸ್ಪೇಸ್‌ಗಳಿಗೆ ಓಡಿಸಿ. ಎಷ್ಟು ಪಾಡ್ ತೆಗೆಯಲು ಅನುಮತಿ ಇದೆ ಎಂಬ ಕಾಲಂನಲ್ಲಿ ಸೊನ್ನೆ ಇರುವ ಪ್ರತಿ ಸಾಲಿನ ಬಗ್ಗೆಯೂ ಒಂದು ವಾರ ಮುಂಚೆ ಮಾತಾಡಿ.

ನೋಡ್ ಖಾಲಿಯಾದ ಮೇಲೆ ಅದರ ರೆಪೊಸಿಟರಿಯನ್ನು ನೇರ 1.34 ಮಾಡಿ. ಕ್ಯೂಬ್‌ಅಡ್ಮಿನ್ 1.34 ಹಾಕಿ, «ಕ್ಯೂಬ್‌ಅಡ್ಮಿನ್ ಅಪ್‌ಗ್ರೇಡ್ ನೋಡ್» ಓಡಿಸಿ. ಅದು ಕ್ಯೂಬ್ಲೆಟ್‌ನ ಹೊಸ ಸೆಟ್ಟಿಂಗ್ ತರುತ್ತದೆ. ಈಗ ಕ್ಯೂಬ್ಲೆಟ್ ಮತ್ತು ಕ್ಯೂಬ್‌ಸಿಟಿಎಲ್ ಪ್ಯಾಕೇಜ್‌ಗಳನ್ನು 1.34ಕ್ಕೆ ತನ್ನಿ, ಸಿಸ್ಟಮ್‌ಡಿ ರೀಲೋಡ್ ಮಾಡಿ, ಕ್ಯೂಬ್ಲೆಟ್ ರೀಸ್ಟಾರ್ಟ್ ಮಾಡಿ. «ಗೆಟ್ ನೋಡ್ಸ್» ಹೊಸ ವರ್ಷನ್ ತೋರಿಸಿ, ನೋಡ್ ರೆಡಿ ಆದ ಮೇಲೆ, ಪಾಡ್‌ಗಳು ಮತ್ತೆ ಬರಲು ಬಿಡುವ «ಅನ್‌ಕಾರ್ಡನ್» ಕೊಡಿ.

ಮೊದಲ ವರ್ಕರ್ ಆದ ಮೇಲೆ ತಕ್ಷಣ ಎರಡನೆಯದಕ್ಕೆ ಹೋಗಬೇಡಿ. ಪಾಡ್‌ಗಳು ಅದರ ಮೇಲೆ ಬಂದು ಕೂರಲಿ. ಹೊರಗಿನಿಂದ ಸೇವೆ ತಲುಪುತ್ತದೆಯೇ, ಡಿಸ್ಕ್ ಜೋಡಣೆಯಾಗುತ್ತದೆಯೇ, ಹೆಸರಿನಿಂದ ವಿಳಾಸ ಸಿಗುತ್ತದೆಯೇ, ಲಾಗ್ ಮತ್ತು ಮೆಟ್ರಿಕ್ ಬರುತ್ತಿವೆಯೇ ನೋಡಿ. ನೋಡ್ ರೆಡಿ ಎಂದು ತೋರಿಸುವುದಕ್ಕೂ ಅದು ನಿಜವಾಗಿ ಕೆಲಸ ಮಾಡುವುದಕ್ಕೂ ವ್ಯತ್ಯಾಸವಿದೆ. ಇಷ್ಟು ಸರಿ ಕಂಡರೆ ಉಳಿದ ಐದು ಬೇಗ ಆಗುತ್ತವೆ.

ವರ್ಚುವಲ್ ಯಂತ್ರಗಳಿದ್ದವರಿಗೆ ಇನ್ನೂ ಒಳ್ಳೆಯ ದಾರಿ ಇದೆ. 1.34 ಹಾಕಿದ ಹೊಸ ನೋಡ್ ಸೇರಿಸಿ, ಹಳೆಯದನ್ನು ಖಾಲಿ ಮಾಡಿ ತೆಗೆದುಬಿಡಿ. ಹಳೆ ಫ್ಲ್ಯಾಗ್ ಕಡತಗಳ ಕಾಟವೇ ಇರುವುದಿಲ್ಲ, ಡ್ರೇನ್ ಮಾಡುವಾಗ ಜಾಗದ ಕೊರತೆಯೂ ಬರುವುದಿಲ್ಲ.

ಆರನೆಯ ವರ್ಕರ್ ಮುಗಿದ ಮೇಲೆ ಪ್ಯಾಕೇಜ್‌ಗಳಿಗೆಲ್ಲ ಮತ್ತೆ ತಡೆ ಹಾಕಿ. ಎಟ್‌ಸಿಡಿ 3.6ರಿಂದ ಹೊಸ ಸ್ನ್ಯಾಪ್‌ಶಾಟ್ ತೆಗೆದು, ಅಭ್ಯಾಸದ ಮೂರು ಯಂತ್ರಗಳಲ್ಲಿ ಅದನ್ನು ಒಮ್ಮೆ ಎಬ್ಬಿಸಿ. ಎಬ್ಬಿಸುವಾಗ ಕೊಟ್ಟ ಕಮಾಂಡ್‌ಗಳನ್ನು ಆಗಲೇ, ದಿನಾಂಕ ಹಾಕಿ, ನಿಮ್ಮ ಟಿಪ್ಪಣಿಯಲ್ಲಿ ಹಳೆಯದರ ಜಾಗಕ್ಕೆ ಬರೆಯಿರಿ.